ಸೈಕಲ್ ಚಕ್ರಕ್ಕೆ ಗಾಳಿಯ ತಡೆ: ಪರೀಕ್ಷಾ ವರದಿಯನ್ನು ವರ್ತಕರು ಓದುವ ಬಗೆ

ಸೈಕಲ್ ವ್ಯಾಪಾರದಲ್ಲಿ ಕಳೆದ ಎರಡು ದಶಕಗಳಲ್ಲಿ ಆಗಿರುವ ಒಂದು ಬದಲಾವಣೆಯನ್ನು ಹಳೆಯ ವರ್ತಕರು ಇಂದಿಗೂ ಅಚ್ಚರಿಯಿಂದಲೇ ನೋಡುತ್ತಾರೆ. ಹಿಂದೆ ಚಕ್ರವೆಂಬುದು ಪ್ರತ್ಯೇಕ ಸರಕಾಗಿರಲಿಲ್ಲ. ರಿಮ್, ಹಬ್, ಕಡ್ಡಿಗಳನ್ನು ಬಿಡಿಬಿಡಿಯಾಗಿ ಕೊಂಡು, ಮೆಕ್ಯಾನಿಕನ ಕೈಯಲ್ಲಿ ಹೆಣೆಸಿ, ಓಲಾಟ ತೆಗೆಸಿದರೆ ಚಕ್ರ ಸಿದ್ಧವಾಗುತ್ತಿತ್ತು. ಈಗ ಮುಂದಿನ ಮತ್ತು ಹಿಂದಿನ ಚಕ್ರಗಳ ಜೋಡಿಯೇ ಒಂದು ಪೆಟ್ಟಿಗೆಯಲ್ಲಿ ಬರುತ್ತದೆ. ಅದರ ಬೆಲೆ ಹಲವು ಬಾರಿ ಹತ್ತು ಸಾಮಾನ್ಯ ಸೈಕಲ್‌ಗಳ ಬೆಲೆಯನ್ನು ಮೀರುತ್ತದೆ. ಆ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಅಚ್ಚಾಗಿರುವ ಸಾಲು ಒಂದೇ: ‘ವಿಂಡ್ ಟನೆಲ್‌ನಲ್ಲಿ ಪರೀಕ್ಷಿಸಲ್ಪಟ್ಟದ್ದು; ಇಷ್ಟು ವ್ಯಾಟ್ ಉಳಿತಾಯ’. ಗಿರಾಕಿ ಆ ಸಾಲನ್ನು ನಂಬಿ ಹಣ ಕೊಡುತ್ತಾನೆ, ವರ್ತಕನು ಅದನ್ನೇ ಹೇಳಿ ಮಾರುತ್ತಾನೆ. ಆದರೆ ಆ ಪರೀಕ್ಷೆಯಲ್ಲಿ ಏನನ್ನು ಅಳೆಯಲಾಯಿತು, ಹೇಗೆ ಅಳೆಯಲಾಯಿತು ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ. ರಿಮ್ ತಯಾರಿಕೆಗೆ ಇಳಿಯಬೇಕೆಂದಿರುವ ಸಣ್ಣ ಉದ್ದಿಮೆದಾರರಿಗಂತೂ ಈ ತಿಳಿವಳಿಕೆ ಬಂಡವಾಳದಷ್ಟೇ ಅಗತ್ಯವಾದುದು.

ರಸೆಲ್ ಮಾರುಕಟ್ಟೆಯ ಲೆಕ್ಕ

ವಿಷಯವನ್ನು ಶಿವಾಜಿನಗರದ ರಸೆಲ್ ಮಾರುಕಟ್ಟೆಯಿಂದಲೇ ಆರಂಭಿಸುವುದು ಸೂಕ್ತ. 1927ರಲ್ಲಿ ನಿರ್ಮಾಣವಾಗಿ 1933ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ಈ ಮಾರುಕಟ್ಟೆಗೆ ಸೊಪ್ಪು, ಹೂವು, ಹಣ್ಣುಗಳನ್ನು ಸೈಕಲ್ ಮೇಲೆ ಹೇರಿಕೊಂಡು ಬರುತ್ತಿದ್ದವರ ಸಂಖ್ಯೆ ಈಗ ಕಡಿಮೆಯಾಗಿದೆಯಾದರೂ, ಭಾರ ಹೊರುವ ಸೈಕಲ್ಲು ಸಂಪೂರ್ಣವಾಗಿ ಕಣ್ಮರೆಯಾಗಿಲ್ಲ. ಸವಾರ, ಸೈಕಲ್ಲು, ಮೂಟೆ ಎಲ್ಲವೂ ಸೇರಿ 150 ಕಿಲೋ ತೂಕವಿದ್ದು, ವೇಗ ಗಂಟೆಗೆ 12 ಕಿ.ಮೀ. ಇದೆಯೆಂದು ಭಾವಿಸೋಣ. ಟೈರು ನೆಲದ ಮೇಲೆ ಉರುಳುವಾಗ ಎದುರಾಗುವ ತಡೆ ಸುಮಾರು ಒಂದೂವರೆ ಕಿಲೋ ಭಾರದಷ್ಟು. ಗಾಳಿಯ ತಡೆ ಅರ್ಧ ಕಿಲೋಗಿಂತಲೂ ಕಡಿಮೆ. ಅಂದರೆ ಸವಾರನ ಶ್ರಮದಲ್ಲಿ ಗಾಳಿಗೆ ಹೋಗುವ ಪಾಲು ಐದರಲ್ಲಿ ಒಂದರಷ್ಟು ಮಾತ್ರ. ಇಂತಹ ಸೈಕಲ್ಲಿಗೆ ದುಬಾರಿ ರಿಮ್ ಹಾಕಿಸುವುದಕ್ಕಿಂತ ಟೈರಿನಲ್ಲಿ ಸರಿಯಾಗಿ ಗಾಳಿ ತುಂಬಿಸುವುದೇ ಹೆಚ್ಚಿನ ಉಳಿತಾಯ.

ಅದೇ ರಸ್ತೆಯಲ್ಲಿ ಬಗ್ಗಿ ಕುಳಿತು ಗಂಟೆಗೆ 36 ಕಿ.ಮೀ. ವೇಗದಲ್ಲಿ ಸಾಗುವ ಕ್ರೀಡಾ ಸವಾರನ ಲೆಕ್ಕ ತಲೆಕೆಳಗಾಗುತ್ತದೆ. ಅವನ ಶ್ರಮದಲ್ಲಿ ಐದರಲ್ಲಿ ನಾಲ್ಕು ಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಕಾರಣವಿಷ್ಟೆ: ಉರುಳುವಿಕೆಯ ತಡೆ ವೇಗ ಹೆಚ್ಚಿದರೂ ಬಹುಮಟ್ಟಿಗೆ ಅಷ್ಟೇ ಇರುತ್ತದೆ, ಗಾಳಿಯ ತಡೆಯಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು, ಆ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಪಟ್ಟು. ಚಕ್ರವ್ಯಾಪಾರದ ಎಲ್ಲ ಜಾಹೀರಾತುಗಳ ಗುಟ್ಟು ಈ ಎಂಟು ಪಟ್ಟಿನಲ್ಲಿಯೇ ಇದೆ.

ಬೆಂಗಳೂರಿಗೆ ಸಂಬಂಧಿಸಿದ ಇನ್ನೊಂದು ಅಂಶವೂ ಉಂಟು. ನಗರವು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಸಾಂದ್ರತೆ ಚೆನ್ನೈಗಿಂತ ಶೇ. 9ರಷ್ಟು ಕಡಿಮೆ. ಗಾಳಿಯ ತಡೆಯೂ, ಉಳಿತಾಯವೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತವೆ. ಮೆಕ್ಸಿಕೋ ನಗರವು 2,200 ಮೀಟರ್‌ಗೂ ಮೀರಿದ ಎತ್ತರದಲ್ಲಿರುವುದರಿಂದಲೇ ಒಂದು ಗಂಟೆಯಲ್ಲಿ ಅತಿ ಹೆಚ್ಚು ದೂರ ಕ್ರಮಿಸುವ ದಾಖಲೆಗೆ ಅದು ಪ್ರಸಿದ್ಧ ತಾಣವಾಯಿತು. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರಲ್ಲಿ ಅಲ್ಲಿ 49.431 ಕಿ.ಮೀ. ಕ್ರಮಿಸಿದ್ದರು. ಇಟಲಿಯ ಫ್ರಾನ್ಸೆಸ್ಕೊ ಮೋಸರ್ 1984ರ ಜನವರಿಯಲ್ಲಿ ಅದೇ ನಗರದಲ್ಲಿ, ಕಡ್ಡಿಗಳೇ ಇಲ್ಲದ ತಟ್ಟೆಯಾಕಾರದ ಚಕ್ರಗಳ ಮೇಲೆ 51.151 ಕಿ.ಮೀ. ಸಾಗಿದರು. ಇಬ್ಬರಿಗೂ ಗಾಳಿಯ ಸಾಂದ್ರತೆ ಒಂದೇ ಆಗಿದ್ದುದರಿಂದ ಜಗತ್ತಿನ ಗಮನ ಚಕ್ರದ ಕಡೆಗೆ ತಿರುಗಿತು. ಮೋಸರ್ ಅವರ ತರಬೇತಿ, ಉಡುಪು, ಚೌಕಟ್ಟು ಇವೆಲ್ಲವೂ ಭಿನ್ನವಾಗಿದ್ದವೆಂಬುದನ್ನು ಮರೆಯಬಾರದು. ಆದರೆ ಮಾರುಕಟ್ಟೆ ನೆನಪಿನಲ್ಲಿಟ್ಟುಕೊಂಡದ್ದು ಚಕ್ರವನ್ನು ಮಾತ್ರ.

ಚಕ್ರಕ್ಕೆ ಗಾಳಿ ಏಕೆ ತಡೆಯೊಡ್ಡುತ್ತದೆ?

ಸೈಕಲ್ಲು ಮುಂದೆ ಸಾಗುವಾಗ ಚಕ್ರದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಸಾಗುವುದಿಲ್ಲ. ನೆಲಕ್ಕೆ ತಾಗಿರುವ ಬಿಂದು ಆ ಕ್ಷಣದಲ್ಲಿ ನಿಶ್ಚಲವಾಗಿರುತ್ತದೆ. ಹಬ್ಬಿನ ಭಾಗ ಸೈಕಲ್ಲಿನ ವೇಗದಲ್ಲಿಯೇ ಸಾಗುತ್ತದೆ. ತುತ್ತತುದಿಯು ಅದರ ಎರಡು ಪಟ್ಟು ವೇಗದಲ್ಲಿ ಮುನ್ನುಗ್ಗುತ್ತದೆ. ಸೈಕಲ್ಲು ಗಂಟೆಗೆ 36 ಕಿ.ಮೀ. ವೇಗದಲ್ಲಿದ್ದರೆ ಚಕ್ರದ ಮೇಲ್ತುದಿಯ ವೇಗ 72 ಕಿ.ಮೀ. ಆದುದರಿಂದ ಮೇಲ್ಭಾಗದಲ್ಲಿ ಹಾದುಹೋಗುವ ಪ್ರತಿಯೊಂದು ಕಡ್ಡಿಯೂ ಬಿರುಗಾಳಿಗೆ ಎದುರಾಗಿ ನಿಂತ ಕೋಲಿನಂತೆ ವರ್ತಿಸುತ್ತದೆ. ನಮ್ಮ ಸಾಮಾನ್ಯ ಕರಿ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40, ಒಟ್ಟು 72 ದುಂಡು ಕಡ್ಡಿಗಳಿರುತ್ತವೆ. ದುಂಡು ಕಡ್ಡಿಯ ಹಿಂಬದಿಯಲ್ಲಿ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಆ ಸುಳಿಯೇ ತಡೆ. ಕಡ್ಡಿಯನ್ನು ಚಪ್ಪಟೆಯಾಗಿ ಬಡಿದು ಅಲಗಿನಂತೆ ಮಾಡಿದರೆ ತಡೆ ಗಣನೀಯವಾಗಿ ತಗ್ಗುತ್ತದೆ. ಕಡ್ಡಿಗಳ ಸಂಖ್ಯೆಯನ್ನೇ ಇಳಿಸಿದರೆ ಇನ್ನಷ್ಟು ತಗ್ಗುತ್ತದೆ. ಸ್ಪರ್ಧೆಯ ಚಕ್ರಗಳಲ್ಲಿ ಹದಿನಾರರಿಂದ ಇಪ್ಪತ್ತನಾಲ್ಕು ಕಡ್ಡಿಗಳಿರುವುದು ಈ ಕಾರಣದಿಂದ. ಮೂಟೆ ಹೊರುವ ಸೈಕಲ್ಲಿಗೆ ಅದೇ ಚಕ್ರ ಹಾಕಿದರೆ ಮೊದಲ ಗುಂಡಿಯಲ್ಲಿಯೇ ಫಲಿತಾಂಶ ತಿಳಿಯುತ್ತದೆ.

ಎರಡನೆಯದು ರಿಮ್ಮಿನ ಆಕಾರ. ಟೈರನ್ನು ಬಳಸಿ ಬಂದ ಗಾಳಿಯು ಚಪ್ಪಟೆ ರಿಮ್ಮಿನ ಅಂಚಿನಲ್ಲಿ ಥಟ್ಟನೆ ಕಳಚಿಕೊಳ್ಳುತ್ತದೆ. ರಿಮ್ಮನ್ನು ಹಬ್ಬಿನ ಕಡೆಗೆ ಆಳವಾಗಿ ಎಳೆದು, ಹೊಟ್ಟೆ ಉಬ್ಬಿಸಿ, ತುದಿಯನ್ನು ದುಂಡಾಗಿಸಿದರೆ ಗಾಳಿಯು ಮೇಲ್ಮೈಗೆ ಅಂಟಿಕೊಂಡೇ ಸಾಗುತ್ತದೆ. ಟೈರಿನ ಅಗಲವು ರಿಮ್ಮಿನ ಅಗಲಕ್ಕಿಂತ ಹೆಚ್ಚಾದರೆ ಈ ಲಾಭದ ಬಹುಪಾಲು ಕೈತಪ್ಪುತ್ತದೆ. ರಿಮ್ಮು ಟೈರಿಗಿಂತ ಶೇ. 5ರಷ್ಟಾದರೂ ಅಗಲವಾಗಿರಬೇಕೆಂಬುದು ಈ ಉದ್ಯಮದಲ್ಲಿ ರೂಢಿಯಲ್ಲಿರುವ ಸೂತ್ರ. ಉತ್ತಮ ಚಕ್ರ ಕೊಂಡ ಗಿರಾಕಿಗೆ ದಪ್ಪ ಟೈರು ಮಾರುವ ಅಂಗಡಿಯವನು ತಾನು ಮಾರಿದ ಉಳಿತಾಯವನ್ನು ತಾನೇ ಹಿಂದಕ್ಕೆ ಪಡೆದಂತಾಗುತ್ತದೆ.

ಮೂರನೆಯದು, ಮತ್ತು ಜಾಹೀರಾತುಗಳಲ್ಲಿ ಬಹಳಷ್ಟು ಮಸುಕಾಗುವುದು, ಗಾಳಿ ಬೀಸುವ ಕೋನ. ರಸ್ತೆಯ ಮೇಲೆ ಗಾಳಿ ನೇರವಾಗಿ ಎದುರಿನಿಂದಲೇ ಬರುವುದು ಅಪರೂಪ. ಗಂಟೆಗೆ 36 ಕಿ.ಮೀ. ವೇಗದ ಸವಾರನಿಗೆ ಪಕ್ಕದಿಂದ 6 ಕಿ.ಮೀ. ವೇಗದ ಮಂದಗಾಳಿ ಬೀಸಿದರೂ, ಅವನಿಗೆ ತಾಗುವ ಗಾಳಿ ಹತ್ತು ಡಿಗ್ರಿಯಷ್ಟು ಓರೆಯಾಗುತ್ತದೆ. ಆಳವಾದ ರಿಮ್ಮು ಇಂತಹ ಓರೆಗಾಳಿಯಲ್ಲಿ ದೋಣಿಯ ಹಾಯಿಯಂತೆ ವರ್ತಿಸಿ ತಡೆಯನ್ನು ಇನ್ನಷ್ಟು ತಗ್ಗಿಸುತ್ತದೆ. ಕೋನ ಒಂದು ಮಿತಿಯನ್ನು ದಾಟಿದರೆ ಗಾಳಿ ಮೇಲ್ಮೈಯಿಂದ ಕಳಚಿ, ತಡೆ ಒಮ್ಮೆಗೇ ಏರುತ್ತದೆ. ಜೊತೆಗೆ ಮುಂದಿನ ಚಕ್ರವನ್ನು ಪಕ್ಕಕ್ಕೆ ತಳ್ಳುವ ಬಲವೂ ಬೆಳೆಯುತ್ತದೆ. ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ ಹಗುರವಾದ ಸವಾರನ ಹ್ಯಾಂಡಲ್ ಅದುರುವುದು ಇದರಿಂದಲೇ.

ಇಷ್ಟಾದರೂ ಚಕ್ರದ ಪಾಲು ಎಷ್ಟು? ಗಾಳಿಯ ತಡೆಯ ಬಹುಪಾಲು ಸವಾರನ ದೇಹದ್ದೇ. ಬ್ರಿಟನ್ನಿನ ಡಿ. ಐ. ಗ್ರೀನ್‌ವೆಲ್ ಮತ್ತು ಸಹೋದ್ಯೋಗಿಗಳು 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಟ್ಟು ತಡೆಯಲ್ಲಿ ಎರಡೂ ಚಕ್ರಗಳ ಪಾಲು ಶೇ. 10ರಿಂದ 15. ಚಕ್ರದ ತಡೆಯನ್ನು ಕಾಲುಭಾಗ ಇಳಿಸಿದರೂ ಒಟ್ಟಿನಲ್ಲಿ ದೊರೆಯುವ ಲಾಭ ಶೇ. 2ರಿಂದ 3. ಸ್ಪರ್ಧಾಳುವಿಗೆ ಇದು ಪದಕದ ಅಂತರ. ಕಚೇರಿಗೆ ಹೋಗುವವನಿಗೆ ಇದು ಲೆಕ್ಕಕ್ಕೆ ಸಿಗದ ಮೊತ್ತ.

ಗಾಳಿ ಸುರಂಗದಲ್ಲಿ ನಡೆಯುವುದೇನು?

ವಿಂಡ್ ಟನೆಲ್ ಎಂದರೆ ದೊಡ್ಡ ಬೀಸಣಿಗೆಯ ಮೂಲಕ ಗಾಳಿಯನ್ನು ಹದವಾಗಿ, ಸುಳಿಯಿಲ್ಲದಂತೆ ಹರಿಯಿಸುವ ಕೊಳವೆ. ಇದರಲ್ಲಿ ವಸ್ತು ನಿಂತಲ್ಲಿಯೇ ನಿಂತಿರುತ್ತದೆ, ಗಾಳಿಯೇ ಓಡುತ್ತದೆ. ಬೆಂಗಳೂರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದ ಎರಡು ವರ್ಷಗಳಲ್ಲಿಯೇ, 1942ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗ ತೆರೆಯಿತು. ಅಲ್ಲಿನ ತೆರೆದ ಬಗೆಯ ದೊಡ್ಡ ಗಾಳಿ ಸುರಂಗವು 1959ರಷ್ಟು ಹಳೆಯದು. ಅದರ ಪರೀಕ್ಷಾ ಭಾಗವು 14 ಅಡಿ ಅಗಲ, 9 ಅಡಿ ಎತ್ತರದ ಅಂಡಾಕಾರದ್ದು. ಸವಾರನ ಸಮೇತ ಸೈಕಲ್ಲನ್ನು ನಿಲ್ಲಿಸಿದರೂ ಅದು ಆ ವಿಸ್ತೀರ್ಣದ ಇಪ್ಪತ್ತರಲ್ಲಿ ಒಂದು ಪಾಲನ್ನಷ್ಟೇ ಆಕ್ರಮಿಸುವಷ್ಟು ವಿಶಾಲ. ವಿಮಾನಗಳಷ್ಟೇ ಅಲ್ಲದೆ ಕಟ್ಟಡ, ಗೋಪುರಗಳ ಮಾದರಿಗಳನ್ನೂ ಅಲ್ಲಿ ಪರೀಕ್ಷಿಸಲಾಗಿದೆ. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1959ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಗಿ ಮರುವರ್ಷ ಬೆಂಗಳೂರಿಗೆ ಬಂದಾಗ ಅದರ ಮೊದಲ ನೆಲೆ ರಸೆಲ್ ಮಾರುಕಟ್ಟೆಗೆ ಸಮೀಪದ ಜಯಮಹಲ್ ರಸ್ತೆಯ ಕುದುರೆ ಲಾಯ ಎಂಬುದು ದಂಡುಪ್ರದೇಶದ ಹಳಬರಿಗೆ ಖುಷಿ ಕೊಡುವ ಸಂಗತಿ. ಆ ಸಂಸ್ಥೆಯು 1967ರಲ್ಲಿ ಕಾರ್ಯಾರಂಭಗೊಳಿಸಿದ 1.2 ಮೀಟರ್ ಸುರಂಗದಲ್ಲಿ ಗಾಳಿಯನ್ನು ಶಬ್ದದ ವೇಗಕ್ಕಿಂತ ಹಲವು ಪಟ್ಟು ವೇಗವಾಗಿ ಹರಿಯಿಸಬಹುದು. ಸೈಕಲ್ ಚಕ್ರಕ್ಕೆ ಅದು ಉಪಯೋಗವಿಲ್ಲ.

ಸುರಂಗ ದೊಡ್ಡದಾದಷ್ಟೂ ಪರೀಕ್ಷೆ ಉತ್ತಮವೆಂಬ ತಪ್ಪು ಕಲ್ಪನೆ ಇರುವುದರಿಂದ ಇದನ್ನು ಹೇಳಬೇಕಾಯಿತು. ಒಂದು ಚಕ್ರದ ಮೇಲೆ ಬೀಳುವ ಗಾಳಿಯ ಬಲ ನೂರಾರು ಗ್ರಾಂಗಳ ಲೆಕ್ಕದ್ದು. ಎರಡು ಒಳ್ಳೆಯ ಚಕ್ರಗಳ ನಡುವಣ ಅಂತರ ಹತ್ತಿಪ್ಪತ್ತು ಗ್ರಾಂಗಳದ್ದು. ವಿಮಾನದ ಮಾದರಿಗಾಗಿ ಕಿಲೋಗಟ್ಟಲೆ ಬಲವನ್ನು ಅಳೆಯಲು ಸಿದ್ಧಪಡಿಸಿದ ತಕ್ಕಡಿಯಲ್ಲಿ ಇದನ್ನು ತೂಗುವುದೆಂದರೆ ಮೂಟೆ ತೂಗುವ ಕಾಟಾದಲ್ಲಿ ಏಲಕ್ಕಿ ತೂಗಿದಂತೆ. ಆದುದರಿಂದ ವರದಿಯಲ್ಲಿ ಮೊದಲು ನೋಡಬೇಕಾದದ್ದು ಸುರಂಗದ ಹೆಸರನ್ನಲ್ಲ, ಬಳಸಿದ ತಕ್ಕಡಿಯ ಸೂಕ್ಷ್ಮತೆಯನ್ನು.

ಪರೀಕ್ಷೆಯ ಕ್ರಮ ಸ್ಥೂಲವಾಗಿ ಹೀಗಿದೆ. ಟೈರು ತೊಡಿಸಿ, ನಿಗದಿತ ಒತ್ತಡದಲ್ಲಿ ಗಾಳಿ ತುಂಬಿದ ಚಕ್ರವನ್ನು ತಕ್ಕಡಿಯ ಮೇಲಿನ ಆಧಾರ ಕಂಬಗಳಿಗೆ ಸಿಕ್ಕಿಸುತ್ತಾರೆ. ಕೆಳಗಿರುವ ಸಣ್ಣ ಉರುಳೆಯೊಂದು ಮೋಟಾರಿನ ಸಹಾಯದಿಂದ ಚಕ್ರವನ್ನು ಗಾಳಿಯ ವೇಗಕ್ಕೆ ಸಮನಾಗಿ ತಿರುಗಿಸುತ್ತದೆ. ಗಾಳಿಯ ವೇಗವನ್ನು ಬಹುತೇಕ ಗಂಟೆಗೆ 48 ಕಿ.ಮೀ.ಗೆ ನಿಲ್ಲಿಸುತ್ತಾರೆ, ಇದು ಮೂವತ್ತು ಮೈಲಿಯ ಹಳೆಯ ರೂಢಿ. ಚಕ್ರ ನಿಂತ ತಿರುಗುಮಣೆಯನ್ನು ಎಡಕ್ಕೂ ಬಲಕ್ಕೂ ಇಪ್ಪತ್ತು ಡಿಗ್ರಿಯವರೆಗೆ ಹಂತಹಂತವಾಗಿ ತಿರುಗಿಸಿ, ಪ್ರತಿ ಹಂತದಲ್ಲಿಯೂ ಅರ್ಧ ನಿಮಿಷದಷ್ಟು ಕಾಲದ ಸರಾಸರಿಯನ್ನು ಬರೆದುಕೊಳ್ಳುತ್ತಾರೆ. ಅನಂತರ ಚಕ್ರವನ್ನು ತೆಗೆದು ಕಂಬಗಳನ್ನು ಮಾತ್ರ ನಿಲ್ಲಿಸಿ ಮತ್ತೊಮ್ಮೆ ಅಳೆದು, ಆ ಮೊತ್ತವನ್ನು ಕಳೆಯುತ್ತಾರೆ. ಬುಟ್ಟಿಯ ತೂಕ ಕಳೆಯದೆ ಸೊಪ್ಪು ತೂಗಿದರೆ ಏನಾಗುವುದೆಂಬುದು ಮಾರುಕಟ್ಟೆಯವರಿಗೆ ವಿವರಿಸಬೇಕಾದ ಸಂಗತಿಯಲ್ಲ. ಗಾಳಿಯ ಉಷ್ಣತೆ, ಒತ್ತಡ, ತೇವಾಂಶಗಳನ್ನು ದಾಖಲಿಸಿ, ಎಲ್ಲ ಅಂಕಿಗಳನ್ನೂ ಒಂದೇ ಸಾಂದ್ರತೆಗೆ ಪರಿವರ್ತಿಸುತ್ತಾರೆ. ಬೆಳಿಗ್ಗೆ ಅಳೆದ ಒಂದು ಪರಿಚಿತ ಚಕ್ರವನ್ನು ಸಂಜೆ ಮತ್ತೆ ಅಳೆದು, ಎರಡೂ ಅಂಕಿಗಳು ಹೊಂದುತ್ತವೆಯೇ ಎಂದು ತಾಳೆ ನೋಡುತ್ತಾರೆ. ಲೆಕ್ಕಪರಿಶೋಧನೆಯಲ್ಲಿ ಆರಂಭದ ಮತ್ತು ಅಂತ್ಯದ ಶಿಲ್ಕುಗಳಿಗೆ ಇರುವ ಮಹತ್ವವೇ ಇದಕ್ಕೂ ಉಂಟು. ಈ ತಾಳೆ ಇಲ್ಲದ ವರದಿಗೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ಚಕ್ರವನ್ನು ತಿರುಗಿಸುವುದಕ್ಕೇ ತಗಲುವ ಶಕ್ತಿಯನ್ನು ಪ್ರತ್ಯೇಕವಾಗಿ ಅಳೆಯಬೇಕು. ತಕ್ಕಡಿಯು ಚಕ್ರವನ್ನು ಹಿಂದಕ್ಕೆ ತಳ್ಳುವ ಬಲವನ್ನು ಮಾತ್ರ ತೋರಿಸುತ್ತದೆ. ಕಡ್ಡಿಗಳು ಗಾಳಿಯನ್ನು ಕಡೆಯುವ ಖರ್ಚು ಮೋಟಾರಿನ ಲೆಕ್ಕದಲ್ಲಿ ಕಾಣುತ್ತದೆ. ಕೆಲವು ವರದಿಗಳಲ್ಲಿ ಇದು ಇರುವುದೇ ಇಲ್ಲ. ಕಡ್ಡಿ ಹೆಚ್ಚಿರುವ ಚಕ್ರಕ್ಕೆ ಅಂತಹ ವರದಿ ಅನುಕೂಲಕರವಾಗಿ ಕಾಣುತ್ತದೆ.

ಅಂಗಡಿಗಳಲ್ಲಿ ಪ್ರಚಲಿತವಿರುವ ‘ಪರೀಕ್ಷೆ’ಯೊಂದನ್ನೂ ಇಲ್ಲಿಯೇ ಗಮನಿಸಬೇಕು. ಚಕ್ರವನ್ನು ಎತ್ತಿ ಹಿಡಿದು, ಕೈಯಿಂದ ತಿರುಗಿಸಿ, ಎಷ್ಟು ಹೊತ್ತು ತಿರುಗುತ್ತದೆಂದು ಗಿರಾಕಿಗೆ ತೋರಿಸುವುದು ವಾಡಿಕೆ. ನೋಡಲು ಇದು ಮನಮೋಹಕ. ಆದರೆ ಇದರಿಂದ ತಿಳಿಯುವುದು ಬೇರಿಂಗಿನ ನಯ ಮತ್ತು ರಿಮ್ಮಿನ ಭಾರ ಮಾತ್ರ. ರಿಮ್ಮು ಭಾರವಾಗಿದ್ದಷ್ಟೂ ಚಕ್ರ ಹೆಚ್ಚು ಹೊತ್ತು ತಿರುಗುತ್ತದೆ. ಹಳೆಯ ಉಕ್ಕಿನ ರಿಮ್ಮು ಈ ಸ್ಪರ್ಧೆಯಲ್ಲಿ ಹಗುರವಾದ ಹೊಸ ರಿಮ್ಮನ್ನು ಸೋಲಿಸಿದರೆ ಆಶ್ಚರ್ಯವಿಲ್ಲ. ಎದುರುಗಾಳಿಯ ತಡೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಸುರಂಗಕ್ಕೆ ಹಣ ಹೊಂದಿಸಲಾಗದ ಸಣ್ಣ ತಯಾರಕರಿಗೆ ಇನ್ನೊಂದು ದಾರಿಯುಂಟು. ಪೆಡಲ್ ಅಥವಾ ಕ್ರ್ಯಾಂಕಿನಲ್ಲಿ ಶಕ್ತಿಮಾಪಕವನ್ನು ಅಳವಡಿಸಿ, ಗಾಳಿ ಅಲುಗಾಡದ ಮುಂಜಾವಿನಲ್ಲಿ, ವಾಹನ ಸಂಚಾರವಿಲ್ಲದ ಒಂದೇ ಸುತ್ತುರಸ್ತೆಯಲ್ಲಿ, ಒಬ್ಬನೇ ಸವಾರ, ಒಂದೇ ಉಡುಪು, ಒಂದೇ ಟೈರಿನೊಂದಿಗೆ ಎರಡು ಬಗೆಯ ಚಕ್ರಗಳನ್ನು ಬದಲಿಸಿ ಬದಲಿಸಿ ಓಡಿಸುವುದು. ಮಾಪಕದ ದೋಷವೇ ಶೇ. 1ರಿಂದ 2 ಇರುವುದರಿಂದ ಹಲವು ಬಾರಿ ಪುನರಾವರ್ತಿಸಬೇಕು. ಸವಾರ ತಲೆಯನ್ನು ಸ್ವಲ್ಪ ಎತ್ತಿದರೂ ಚಕ್ರದ ಲಾಭ ಆ ತಲೆಯಲ್ಲಿ ಮುಳುಗಿಹೋಗುತ್ತದೆ. ಜಾಹೀರಾತಿಗೆ ಇದು ಸಾಲದು. ಯಾವ ಅಚ್ಚನ್ನು ಮುಂದುವರಿಸಬೇಕು, ಯಾವುದನ್ನು ಕೈಬಿಡಬೇಕು ಎಂಬ ಒಳನಿರ್ಧಾರಕ್ಕೆ ಸಾಕು.

‘ಇಷ್ಟು ವ್ಯಾಟ್ ಉಳಿತಾಯ’ ಎಂಬ ಸಾಲಿನ ಬೆಲೆ

ಸಾಮಾನ್ಯ ರಿಮ್ಮಿಗೆ ಹೋಲಿಸಿದರೆ 48 ಕಿ.ಮೀ. ವೇಗದಲ್ಲಿ, ಹತ್ತು ಡಿಗ್ರಿ ಓರೆಗಾಳಿಯಲ್ಲಿ, ಒಂದು ಚಕ್ರವು 100 ಗ್ರಾಂ ತಡೆಯನ್ನು ಉಳಿಸುತ್ತದೆಂದು ವರದಿಯೊಂದು ಹೇಳುತ್ತದೆನ್ನೋಣ. ಇದು ಸುಮಾರು 13 ವ್ಯಾಟ್‌ಗೆ ಸಮ. ಪೆಟ್ಟಿಗೆಯ ಮೇಲೆ ಅಚ್ಚಾಗುವುದು ಈ 13. ಅದೇ ಚಕ್ರವನ್ನು ಕೊಂಡವನು ಹೊರವರ್ತುಲ ರಸ್ತೆಯಲ್ಲಿ 24 ಕಿ.ಮೀ. ವೇಗದಲ್ಲಿ ಸಾಗುವವನಾದರೆ ಉಳಿತಾಯ ಎಂಟರಲ್ಲಿ ಒಂದು ಪಾಲಿಗೆ, ಅಂದರೆ 1.6 ವ್ಯಾಟ್‌ಗೆ ಇಳಿಯುತ್ತದೆ. ಬೆಂಗಳೂರಿನ ತೆಳುಗಾಳಿಯಲ್ಲಿ ಅದು ಇನ್ನೂ ಕಡಿಮೆಯಾಗಿ ಒಂದೂವರೆಗೆ ನಿಲ್ಲುತ್ತದೆ. ಹತ್ತು ಕಿ.ಮೀ. ಪ್ರಯಾಣದಲ್ಲಿ ಅವನಿಗೆ ದೊರೆಯುವುದು ಹತ್ತು ಸೆಕೆಂಡಿನಷ್ಟು. ಒಂದು ಸಿಗ್ನಲ್ಲಿನಲ್ಲಿ ಅದು ಕರಗಿಹೋಗುತ್ತದೆ. ಗಂಟೆಗೆ 48 ಕಿ.ಮೀ. ವೇಗದಲ್ಲಿ 40 ಕಿ.ಮೀ. ಓಡುವ ಸ್ಪರ್ಧಾಳುವಿಗೆ ಇದೇ ಚಕ್ರದಿಂದ ಅರ್ಧ ನಿಮಿಷಕ್ಕೂ ಮೀರಿದ ಲಾಭವಿದೆ. ನಂದಿಬೆಟ್ಟವನ್ನು ಹನ್ನೆರಡು ಕಿ.ಮೀ. ವೇಗದಲ್ಲಿ ಏರುವವನಿಗೆ ಚಕ್ರದ ಆಕಾರಕ್ಕಿಂತ ಅದರ ತೂಕವೇ ಮುಖ್ಯ. ಸರಕು ಒಂದೇ, ಅಂಕಿಯೂ ಸುಳ್ಳಲ್ಲ. ಗಿರಾಕಿ ಯಾರೆಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ.

ಎರಡು ಚಕ್ರಗಳ ಅಂತರ 5 ಗ್ರಾಂ, ತಕ್ಕಡಿಯ ದೋಷವೂ 5 ಗ್ರಾಂ ಎಂದಿದ್ದರೆ ಅಂತರವೇ ಇಲ್ಲವೆಂದು ತಿಳಿಯಬೇಕು. ಹೋಲಿಕೆಗೆ ಬಳಸಿದ ‘ಸಾಮಾನ್ಯ ಚಕ್ರ’ ಯಾವುದು, ಟೈರಿನ ಅಗಲವೆಷ್ಟು, ಒಂದೇ ಕೋನದ ಅಂಕಿಯೋ ಅಥವಾ ಎಲ್ಲ ಕೋನಗಳ ಸರಾಸರಿಯೋ ಎಂಬುದನ್ನು ಸರಬರಾಜುದಾರರಿಂದ ಬರವಣಿಗೆಯಲ್ಲಿ ಕೇಳಿ ಪಡೆಯುವ ಹಕ್ಕು ಖರೀದಿದಾರ ವರ್ತಕನಿಗೆ ಇದ್ದೇ ಇದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕೇಳಿದರೆ ಉತ್ತರ ಬೇಗ ಬರುತ್ತದೆ.

ಕಾನೂನು ಮತ್ತು ತೆರಿಗೆ

2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅನ್ವಯ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರವು ಹತ್ತು ಲಕ್ಷ ರೂಪಾಯಿಗಳವರೆಗೆ, ಪುನರಾವರ್ತನೆಯಾದರೆ ಐವತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು, ಸ್ವತಂತ್ರ ಅಧ್ಯಯನವನ್ನು ಆಧರಿಸಿದ ಹೇಳಿಕೆಯಿದ್ದಲ್ಲಿ ಅದರ ಮೂಲ ಮತ್ತು ದಿನಾಂಕವನ್ನು ಜಾಹೀರಾತಿನಲ್ಲಿ ನಮೂದಿಸಬೇಕೆಂದು ವಿಧಿಸುತ್ತವೆ. ಬೇರೊಂದು ದೇಶದ ತಯಾರಕರ ಅಂಕಿಯನ್ನು ತಮ್ಮ ಅಂಗಡಿಯ ಹೆಸರಿನ ಕರಪತ್ರದಲ್ಲಿ ಅಚ್ಚು ಹಾಕಿಸುವ ವರ್ತಕರು ಇದನ್ನು ಗಮನದಲ್ಲಿಡುವುದು ಲೇಸು. ದಾಸ್ತಾನಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ರಸ್ತೆಯ ಸಾಮೂಹಿಕ ಸ್ಪರ್ಧೆಗಳಿಗೆ 2026ರ ಜನವರಿ 1ರಿಂದ ರಿಮ್ಮಿನ ಆಳವನ್ನು 65 ಮಿ.ಮೀ.ಗೆ ಮಿತಗೊಳಿಸಿದೆ. ಅದಕ್ಕಿಂತ ಆಳವಾದ ರಿಮ್ಮುಗಳನ್ನು ಸ್ಪರ್ಧಾಳುಗಳಿಗೆಂದು ತರಿಸಿಟ್ಟವರಿಗೆ ಗಿರಾಕಿಗಳ ವಲಯ ಕಿರಿದಾಗಿದೆ.

ಸರಕು ಮತ್ತು ಸೇವಾ ತೆರಿಗೆಯಲ್ಲಿ ಸೈಕಲ್ಲು 8712, ಬಿಡಿಭಾಗಗಳು 8714 ಎಂಬ ಶೀರ್ಷಿಕೆಗಳಡಿ ಬರುತ್ತವೆ. ಎರಡರ ದರವೂ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಅಲ್ಯೂಮಿನಿಯಂ ಮುಂತಾದ ಕಚ್ಚಾ ಸರಕಿಗೆ ಶೇ. 18 ತೆತ್ತು ಶೇ. 5ರಲ್ಲಿ ಮಾರುವ ರಿಮ್ ತಯಾರಕರಿಗೆ ಹೂಡುವಳಿ ತೆರಿಗೆ ಶೇಖರವಾಗುವುದು ಸಹಜ. ಅದನ್ನು ಮರುಪಾವತಿಯಾಗಿ ಕೇಳಬಹುದು. ಆದರೆ ಪರೀಕ್ಷಾ ಶುಲ್ಕವು ಸೇವೆ. ಅದರ ಮೇಲಿನ ಶೇ. 18 ತೆರಿಗೆಯನ್ನು ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಬಹುದೇ ಹೊರತು ನಗದಾಗಿ ಹಿಂಪಡೆಯುವಂತಿಲ್ಲ. ವಿ.ಕೆ.ಸಿ. ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ಈ ನಿಲುವನ್ನು ಎತ್ತಿಹಿಡಿದಿದೆ. ಆದುದರಿಂದ ಸುರಂಗ ಪರೀಕ್ಷೆಯ ಅಂದಾಜು ಪಟ್ಟಿಯನ್ನು ಸಿದ್ಧಪಡಿಸುವಾಗ, ಹೊಂದಿಸಿಕೊಳ್ಳುವಷ್ಟು ಮಾರಾಟ ತೆರಿಗೆ ಇಲ್ಲದ ಘಟಕಗಳು ಈ ಶೇ. 18ನ್ನೂ ವೆಚ್ಚವೆಂದೇ ಸೇರಿಸಿಕೊಳ್ಳಬೇಕು.

ಲೆಕ್ಕಪುಸ್ತಕದಲ್ಲಿ ಈ ಶುಲ್ಕವನ್ನು ಎಲ್ಲಿ ತೋರಿಸಬೇಕೆಂಬ ಪ್ರಶ್ನೆಯೂ ಏಳುತ್ತದೆ. ಸಿದ್ಧವಾದ ಚಕ್ರವನ್ನು ಜಾಹೀರಾತಿಗಾಗಿ ಪರೀಕ್ಷಿಸಿದರೆ ಅದು ಮಾರಾಟ ವೆಚ್ಚ. ಹೊಸ ಆಕಾರದ ಹುಡುಕಾಟಕ್ಕೆ ತಗಲಿದ್ದು ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಶೋಧನಾ ವೆಚ್ಚವಾಗಿ ಅದೇ ವರ್ಷದ ಲಾಭ ನಷ್ಟದ ಖಾತೆಗೆ ಹೋಗುತ್ತದೆ. ಆಕಾರ ನಿರ್ಧಾರವಾಗಿ, ತಯಾರಿಕೆ ಮತ್ತು ಮಾರಾಟ ಖಚಿತವಾದ ಮೇಲೆ ಅದನ್ನು ಪರಿಷ್ಕರಿಸಲು ಮಾಡಿದ ಪರೀಕ್ಷೆಯನ್ನು ಮಾತ್ರ, ಮಾನಕದ ಷರತ್ತುಗಳೆಲ್ಲ ಪೂರೈಸಿದಲ್ಲಿ, ಆಸ್ತಿಯಾಗಿ ತೋರಿಸಬಹುದು. ಯಾವ ದಿನದ ಪರೀಕ್ಷೆ ಯಾವ ಹಂತದ್ದೆಂಬುದನ್ನು ಸುರಂಗಕ್ಕೆ ಹೋಗುವ ಮೊದಲೇ ಕಡತದಲ್ಲಿ ಬರೆದಿಟ್ಟರೆ, ವರ್ಷಾಂತ್ಯದಲ್ಲಿ ಬಿಲ್ಲುಗಳನ್ನು ಹಿಡಿದುಕೊಂಡು ನೆನಪಿಸಿಕೊಳ್ಳಬೇಕಾಗುವುದಿಲ್ಲ.